ಮಲ್ಟಿಕ್ಲಾಸ್ ಮಾಂತ್ರಿಕನನ್ನು ಕಟ್ಟುವ ಕ್ರಮ: ಸ್ಲಾಟು, ಮಂತ್ರ, ಲೆವೆಲ್‌ಗಳ ಲೆಕ್ಕ

ಪಾತ್ರ ಕಟ್ಟಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಒಂದೇ ಪಾತ್ರಕ್ಕೆ ಎರಡು ಮಂತ್ರದ ಕ್ಲಾಸುಗಳನ್ನು (ವೃತ್ತಿಗಳನ್ನು) ಸೇರಿಸಿದರೆ ಸ್ಲಾಟುಗಳು, ಅಂದರೆ ಮಂತ್ರ ಹಾಕಲು ಇರುವ ಅವಕಾಶಗಳು, ಒಟ್ಟಿಗೆ ಬೆಳೆಯುತ್ತವೆ, ಮಂತ್ರಗಳು ಮಾತ್ರ ಬೇರೆಬೇರೆಯಾಗಿಯೇ ಉಳಿಯುತ್ತವೆ. ಮಲ್ಟಿಕ್ಲಾಸ್ ಮಾಂತ್ರಿಕನ ಬಲ ಇರುವುದೂ ಇಲ್ಲೇ, ಹೆಚ್ಚಿನ ಪಾತ್ರಗಳು ಕೆಡುವುದೂ ಇಲ್ಲೇ. ಕ್ಲೆರಿಕ್ 3, ವಿಜರ್ಡ್ 3 ಎಂದು ಸಮನಾಗಿ ಹಂಚಿದ ಪಾತ್ರದ ಬಳಿ 3ನೇ ಹಂತದ ಸ್ಲಾಟು ಮೂರಿರುತ್ತವೆ, ಆದರೆ 3ನೇ ಹಂತದ ಮಂತ್ರ ಒಂದೂ ಇರುವುದಿಲ್ಲ. ಅದೇ ಹೊತ್ತಿಗೆ ಪಕ್ಕದಲ್ಲಿ ಕೂತವರ ಶುದ್ಧ ವಿಜರ್ಡ್ 3ನೇ ಹಂತದ ಫೈರ್‌ಬಾಲ್ ಮಂತ್ರ ಎಸೆಯುತ್ತಿರುತ್ತಾನೆ.

ಆದ್ದರಿಂದ ಒಂದು ಕ್ಲಾಸನ್ನು ಮುಖ್ಯವಾಗಿ ಹಿಡಿಯಿರಿ. ಇನ್ನೊಂದರಿಂದ ತೆಗೆದುಕೊಳ್ಳುವ ಪ್ರತಿ ಲೆವೆಲ್ಲೂ ತಾನು ಮಾಡುವ ತಡಕ್ಕೆ ಬೆಲೆ ಕಟ್ಟಿಕೊಡುವಂತಿರಬೇಕು. ಮುಂದಿನ ಲೆಕ್ಕವೆಲ್ಲ ಇದರ ಸುತ್ತಲೇ ಇದೆ. ಗೊಂದಲವಾಗದಿರಲಿ ಎಂದು ಇಲ್ಲಿ ಪಾತ್ರದ್ದಕ್ಕೆ ಲೆವೆಲ್ ಎಂದೂ ಮಂತ್ರದ್ದಕ್ಕೆ ಹಂತ ಎಂದೂ ಬರೆದಿದೆ.

ಶುರು ಮಾಡುವ ಮುನ್ನ ಆಟ ನಡೆಸುವ ಡಿಎಂ ಹತ್ತಿರ ಎರಡು ವಿಷಯ ಕೇಳಿ. ನಿಯಮ 2014ರದ್ದೋ 2024ರದ್ದೋ? 2014ರ ನಿಯಮದಲ್ಲಿ ಮಲ್ಟಿಕ್ಲಾಸ್ ಐಚ್ಛಿಕ. ಈ ಆಟದಲ್ಲಿ ಅದಕ್ಕೆ ಅನುಮತಿ ಇದೆಯೋ? ಇಲ್ಲಿನ ಲೆಕ್ಕಗಳು 2014ರವು. 2024ರಲ್ಲಿ ಬದಲಾದ ಮುಖ್ಯ ಸಂಗತಿಗಳನ್ನು ಆಯಾ ಕಡೆ ಹೇಳಿದೆ.

ಹೆಜ್ಜೆ 1: ಎಷ್ಟು ಲೆವೆಲ್ ಬಿಟ್ಟುಕೊಡಬಹುದು?

ವಿಜರ್ಡ್, ಕ್ಲೆರಿಕ್, ಡ್ರೂಯಿಡ್, ಬಾರ್ಡ್, ಸಾರ್ಸರರ್ ಈ ಐವರೂ ಪೂರ್ಣ ಮಾಂತ್ರಿಕರು. 1, 3, 5, 7, 9 ಹೀಗೆ ಪ್ರತಿ ಬೆಸ ಲೆವೆಲ್‌ನಲ್ಲಿ ಇವರಿಗೆ ಹೊಸ ಹಂತದ ಮಂತ್ರ ಸಿಗುತ್ತದೆ. 17ನೇ ಲೆವೆಲ್‌ನಲ್ಲಿ 9ನೇ ಹಂತ. ತಡದ ಲೆಕ್ಕ ಇದರಿಂದಲೇ ಹುಟ್ಟುತ್ತದೆ.

ಬೇರೆ ಕ್ಲಾಸಿನ ಒಂದೇ ಲೆವೆಲ್ ತೆಗೆದುಕೊಂಡರೆ ನಷ್ಟ ಕಾಣುವುದು ಬೆಸ ಲೆವೆಲ್‌ಗಳಲ್ಲಿ ಮಾತ್ರ. ಒಟ್ಟು 5ರಲ್ಲಿ ನೀವು ಹಿಂದೆ, 6ರಲ್ಲಿ ಸಮ. 7ರಲ್ಲಿ ಹಿಂದೆ, 8ರಲ್ಲಿ ಸಮ. ಎರಡು ಲೆವೆಲ್ ತೆಗೆದುಕೊಂಡರೆ 18ನೇ ಲೆವೆಲ್ ತನಕ ಸದಾ ಒಂದು ಹಂತ ಹಿಂದೆ. ಮೂರು ತೆಗೆದುಕೊಂಡರೆ ಸಮ ಲೆವೆಲ್‌ಗಳಲ್ಲಿ ಒಂದು ಹಂತ, ಬೆಸ ಲೆವೆಲ್‌ಗಳಲ್ಲಿ (17ರ ತನಕ) ಎರಡು ಹಂತ ಹಿಂದೆ. ಹಾಗಿದ್ದರೂ 20ನೇ ಲೆವೆಲ್‌ಗೆ ಮುಖ್ಯ ಕ್ಲಾಸು 17 ಮುಟ್ಟುವುದರಿಂದ 9ನೇ ಹಂತದ ಮಂತ್ರ ಕೈತಪ್ಪುವುದಿಲ್ಲ. ನಾಲ್ಕು ತೆಗೆದುಕೊಂಡರೆ ತಪ್ಪುತ್ತದೆ.

ಒಂದು ಲೆವೆಲ್ ಅಗ್ಗ, ಎರಡು ದುಬಾರಿ. ಎರಡನೆಯದನ್ನು ತೆಗೆದುಕೊಳ್ಳಬೇಕಾದರೆ ಆ ಲೆವೆಲ್‌ನಲ್ಲಿ ಸಿಗುವ ಸಾಮರ್ಥ್ಯದ ಹೆಸರು ಹೇಳಲು ನಿಮಗೆ ಬರಬೇಕು: ವಾರ್‌ಲಾಕ್‌ನ ಇನ್ವೊಕೇಷನ್, ಫೈಟರ್‌ಗೆ ಸರದಿಯಲ್ಲಿ ಹೆಚ್ಚುವರಿ ಆಕ್ಷನ್ ಕೊಡುವ ಆಕ್ಷನ್ ಸರ್ಜ್, ಹೀಗೆ. ಹೆಸರು ಹೊಳೆಯದಿದ್ದರೆ ಆ ಲೆವೆಲ್ ಬೇಡ. ಆಕ್ಷನ್ ಸರ್ಜ್ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. 2014ರಲ್ಲಿ ಆ ಹೆಚ್ಚುವರಿ ಆಕ್ಷನ್‌ನಲ್ಲಿ ಎರಡನೇ ಮಂತ್ರ ಹಾಕಬಹುದಿತ್ತು. 2024ರಲ್ಲಿ ಅದನ್ನು ಮಂತ್ರಕ್ಕೆ ಬಳಸುವಂತಿಲ್ಲ, ಹಾಗಾಗಿ ಮಾಂತ್ರಿಕನಿಗೆ ಅದರ ಆಕರ್ಷಣೆ ಬಹುಪಾಲು ಹೋಯಿತು.

ಹೆಜ್ಜೆ 2: 13ರ ಷರತ್ತು

ಹೊಸ ಕ್ಲಾಸಿಗೆ ಕಾಲಿಡಲು ಈಗಿರುವ ಕ್ಲಾಸಿನದೂ ಹೊಸದರದ್ದೂ ಮುಖ್ಯ ಗುಣದ ಅಂಕ ಕನಿಷ್ಠ 13 ಇರಬೇಕು. ವಿಜರ್ಡ್‌ಗೆ ಇಂಟೆಲಿಜೆನ್ಸ್, ಕ್ಲೆರಿಕ್, ಡ್ರೂಯಿಡ್‌ಗಳಿಗೆ ವಿಸ್ಡಮ್, ಬಾರ್ಡ್, ಸಾರ್ಸರರ್, ವಾರ್‌ಲಾಕ್‌ಗಳಿಗೆ ಕರಿಸ್ಮಾ. ಪ್ಯಾಲಡಿನ್‌ಗೆ ಸ್ಟ್ರೆಂತ್ ಮತ್ತು ಕರಿಸ್ಮಾ ಎರಡೂ, ರೇಂಜರ್‌ಗೆ ಡೆಕ್ಸ್ಟರಿಟಿ ಮತ್ತು ವಿಸ್ಡಮ್ ಎರಡೂ. ಹಲವರು ಹೊಸ ಕ್ಲಾಸಿನ ಷರತ್ತನ್ನಷ್ಟೇ ನೋಡಿ ಹಳೆಯದನ್ನು ಮರೆಯುತ್ತಾರೆ. ಸ್ಟ್ರೆಂತ್ 10 ಇಟ್ಟುಕೊಂಡು ಡೆಕ್ಸ್ಟರಿಟಿಯ ಮೇಲೆ ಕಾದಾಡುವ ಪ್ಯಾಲಡಿನ್ ಮುಂದೆ ಸಾರ್ಸರರ್ ಆಗಲಾರ.

27 ಅಂಕ ಖರ್ಚುಮಾಡಿ ಗುಣಗಳನ್ನು ಕೊಳ್ಳುವ ಪಾಯಿಂಟ್ ಬೈ ಪದ್ಧತಿಯಲ್ಲಿ 13ಕ್ಕೆ 5, 14ಕ್ಕೆ 7, 15ಕ್ಕೆ 9 ಅಂಕ ಖರ್ಚಾಗುತ್ತದೆ. ವಿಜರ್ಡ್ ಮುಖ್ಯವಾಗಿ, ಕ್ಲೆರಿಕ್ ಒಂದು ಲೆವೆಲ್ ಎಂದಿಟ್ಟುಕೊಂಡರೆ ಹಂಚಿಕೆ ಹೀಗಿರಲಿ: ಇಂಟೆಲಿಜೆನ್ಸ್ 15, ಡೆಕ್ಸ್ಟರಿಟಿ 14, ಕಾನ್ಸ್ಟಿಟ್ಯೂಷನ್ 13, ವಿಸ್ಡಮ್ 13, ಸ್ಟ್ರೆಂತ್ 9, ಕರಿಸ್ಮಾ 8. ಮೊತ್ತ ಸರಿಯಾಗಿ 27. ಇಂಟೆಲಿಜೆನ್ಸ್‌ಗೆ 2, ಕಾನ್ಸ್ಟಿಟ್ಯೂಷನ್‌ಗೆ 1 ಕೊಡುವ ಜನಾಂಗ ಆರಿಸಿದರೆ (2014ರ ರಾಕ್ ನೋಮ್ ಕೊಡುವುದು ಇದನ್ನೇ) ಅವು 17 ಮತ್ತು 14 ಆಗುತ್ತವೆ. 2024ರಲ್ಲಿ ಈ ಹೆಚ್ಚಳ ಜನಾಂಗದಿಂದಲ್ಲ, ಬ್ಯಾಕ್‌ಗ್ರೌಂಡ್‌ನಿಂದ ಬರುತ್ತದೆ. ವಿಜರ್ಡ್‌ನ 4ನೇ ಲೆವೆಲ್‌ನಲ್ಲಿ ಸಿಗುವ ಎರಡು ಅಂಕಗಳನ್ನು ಇಂಟೆಲಿಜೆನ್ಸ್‌ಗೊಂದು, ವಿಸ್ಡಮ್‌ಗೊಂದು ಹಾಕಿದರೆ 18 ಮತ್ತು 14. ಬೋನಸ್ ಏರುವುದು ಸಮ ಅಂಕಕ್ಕೆ; ಬೆಸ ಅಂಕ ಎರಡೂ ಒಟ್ಟಿಗೆ ಸಮವಾಗುವುದರಿಂದ ಯಾವುದೂ ವ್ಯರ್ಥವಾಗುವುದಿಲ್ಲ.

ಆ ಅಂಕಗಳು ಬರುವುದು ಆಯಾ ಕ್ಲಾಸಿನ 4, 8, 12ನೇ ಲೆವೆಲ್‌ಗಳಲ್ಲಿ, ಒಟ್ಟು ಲೆವೆಲ್‌ಗಲ್ಲ ಎಂಬುದನ್ನು ಮರೆಯಬೇಡಿ. 3-3 ಎಂದು ಹಂಚಿದ ಪಾತ್ರಕ್ಕೆ 6ನೇ ಲೆವೆಲ್‌ನಲ್ಲೂ ಒಂದು ಅಂಕ ಹೆಚ್ಚಿರುವುದಿಲ್ಲ, ಒಂದು ಫೀಟ್ (ಅಂಕದ ಬದಲು ಆರಿಸುವ ವಿಶೇಷ ಸಾಮರ್ಥ್ಯ) ಕೂಡ ಇರುವುದಿಲ್ಲ.

ಹೆಜ್ಜೆ 3: ಮೊದಲ ಲೆವೆಲ್ ಯಾವ ಕ್ಲಾಸಿನದು?

ಸೇವಿಂಗ್ ಥ್ರೋಗಳಲ್ಲಿ (ಆಪತ್ತಿನಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ, ಚಿಕ್ಕದಾಗಿ ಸೇವ್) ಪರಿಣತಿ ಸಿಗುವುದು ಮೊದಲ ಕ್ಲಾಸಿನಿಂದ ಮಾತ್ರ. ಎರಡನೇ ಕ್ಲಾಸು ಎಷ್ಟೇ ಬೆಳೆದರೂ ಅದರ ಸೇವ್‌ಗಳು ಬರುವುದಿಲ್ಲ. ವಿಜರ್ಡ್‌ನಿಂದ ಶುರುಮಾಡಿದರೆ ಇಂಟೆಲಿಜೆನ್ಸ್ ಮತ್ತು ವಿಸ್ಡಮ್. ಕ್ಲೆರಿಕ್‌ನಿಂದಾದರೆ ವಿಸ್ಡಮ್ ಮತ್ತು ಕರಿಸ್ಮಾ. ಸಾರ್ಸರರ್‌ನಿಂದಾದರೆ ಕಾನ್ಸ್ಟಿಟ್ಯೂಷನ್ ಮತ್ತು ಕರಿಸ್ಮಾ. ಕೆಲವು ಮಂತ್ರಗಳು ಮುಂದುವರಿಯಲು ಬೇಕಾದ ಕಾನ್ಸಂಟ್ರೇಷನ್ ಉಳಿಸಿಕೊಳ್ಳುವುದು ಕಾನ್ಸ್ಟಿಟ್ಯೂಷನ್ ಸೇವ್‌ನಿಂದಲೇ: ಪೆಟ್ಟು ಬಿದ್ದಾಗ 10 ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅಷ್ಟು ಮುಟ್ಟಬೇಕು. ಸಾರ್ಸರರ್ ಮೊದಲು ಬಂದರೆ ಲಾಭ ಏನೆಂಬುದು ಇದರಿಂದ ಗೊತ್ತಾಗುತ್ತದೆ.

ಕವಚದ ಪರಿಣತಿ ಮಾತ್ರ ಬೇರೆ ದಾರಿಯಲ್ಲಿ ಬರುತ್ತದೆ. ವಿಜರ್ಡ್ ಆಗಿ ಶುರುಮಾಡಿ ಆಮೇಲೆ ಕ್ಲೆರಿಕ್ ಆದರೂ ಹಗುರ ಮತ್ತು ಮಧ್ಯಮ ಕವಚ, ಗುರಾಣಿ ಮೂರೂ ಸಿಗುತ್ತವೆ. ಪ್ಯಾಲಡಿನ್ ಹಾಗಲ್ಲ: ಭಾರದ ಕವಚ ಬೇಕಿದ್ದರೆ ಅದರಿಂದಲೇ ಶುರುಮಾಡಬೇಕು, ನಡುವೆ ಸೇರಿದವರಿಗೆ ಮಧ್ಯಮ ಕವಚದವರೆಗೆ ಮಾತ್ರ.

ಪ್ರಾಣಬಿಂದುಗಳಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಕ್ಲೆರಿಕ್ ಮೊದಲಾದರೆ 8, ಮೇಲೆ ವಿಜರ್ಡ್‌ನ ಸರಾಸರಿ 4, ಒಟ್ಟು 12. ವಿಜರ್ಡ್ ಮೊದಲಾದರೆ 6, ಮೇಲೆ 5, ಒಟ್ಟು 11. ವ್ಯತ್ಯಾಸ ಒಂದೇ ಬಿಂದು.

1ನೇ ಲೆವೆಲ್‌ನಿಂದಲೇ ನಡೆಯುವ ಆಟವಾದರೆ ಕ್ಲೆರಿಕ್ ಮೊದಲು ಎಂಬುದು ನಮ್ಮ ಸಲಹೆ. ಮೊದಲ ನಾಲ್ಕು ಲೆವೆಲ್‌ಗಳಲ್ಲಿ ಎರಡು ಪೆಟ್ಟಿಗೆ ಪಾತ್ರ ಉರುಳುತ್ತದೆ. ಕ್ಲೆರಿಕ್‌ನ ಆರಂಭದ ಸಾಮಗ್ರಿಯಲ್ಲೇ ಸ್ಕೇಲ್ ಮೇಲ್ ಮತ್ತು ಗುರಾಣಿ ಸಿಗುತ್ತವೆ: ಕವಚದ 14, ಡೆಕ್ಸ್ಟರಿಟಿಯ ಬೋನಸ್ 2, ಗುರಾಣಿಯ 2 ಸೇರಿ ಆರ್ಮರ್ ಕ್ಲಾಸ್ (ಪೆಟ್ಟು ತಾಗಿಸಲು ಶತ್ರು ಮುಟ್ಟಬೇಕಾದ ಸಂಖ್ಯೆ) 18. ವಿಜರ್ಡ್ ದಿನಕ್ಕೊಂದು ಸ್ಲಾಟು ಕಳೆದು ಮೇಜ್ ಆರ್ಮರ್ ಹಾಕಿಕೊಂಡರೂ ಅದೇ ಡೆಕ್ಸ್ಟರಿಟಿಗೆ 15 ಮಾತ್ರ. ಮೇಲೆ ಶೀಲ್ಡ್ ಮಂತ್ರದ 5 ಸೇರಿದರೆ ನಿಮ್ಮದು 23. ಮುಂದೆ 750 ಚಿನ್ನದ ನಾಣ್ಯ ಕೂಡಿದಾಗ ಹಾಫ್ ಪ್ಲೇಟ್ ಕೊಂಡರೆ ಇನ್ನೊಂದು ಸೇರುತ್ತದೆ. ಸ್ಕೇಲ್ ಮೇಲ್, ಹಾಫ್ ಪ್ಲೇಟ್ ಎರಡೂ ಅಡಗಿ ನಡೆಯುವುದಕ್ಕೆ ಅಡ್ಡಿ. ಕದ್ದು ಸಾಗುವ ಪಡೆಯಾದರೆ 400 ನಾಣ್ಯದ ಬ್ರೆಸ್ಟ್‌ಪ್ಲೇಟ್ ಒಳ್ಳೆಯದು, ಆರ್ಮರ್ ಕ್ಲಾಸ್ 18ರಲ್ಲೇ ಇರುತ್ತದೆ.

5ನೇ ಲೆವೆಲ್‌ನಿಂದ ಶುರುವಾಗುವ ಆಟದಲ್ಲಿ ಈ ಅವಸರವಿಲ್ಲ. ಅಲ್ಲಿ ಸೇವ್‌ಗಳನ್ನಷ್ಟೇ ನೋಡಿ ನಿರ್ಧರಿಸಿ.

ಹೆಜ್ಜೆ 4: ಸ್ಲಾಟುಗಳನ್ನು ಕೂಡುವುದು

ಪೂರ್ಣ ಮಾಂತ್ರಿಕ ಕ್ಲಾಸುಗಳ ಲೆವೆಲ್‌ಗಳನ್ನು ಪೂರ್ತಿ ಕೂಡಿ. ಪ್ಯಾಲಡಿನ್, ರೇಂಜರ್ ಲೆವೆಲ್‌ಗಳ ಅರ್ಧ ಸೇರಿಸಿ. ಭಿನ್ನ ಬಂದರೆ 2014ರಲ್ಲಿ ಕೆಳಕ್ಕೆ, 2024ರಲ್ಲಿ ಮೇಲಕ್ಕೆ. ಫೈಟರ್‌ನ ಉಪಕ್ಲಾಸಾದ ಎಲ್ಡ್ರಿಚ್ ನೈಟ್, ರೋಗ್‌ನ ಉಪಕ್ಲಾಸಾದ ಆರ್ಕೇನ್ ಟ್ರಿಕ್‌ಸ್ಟರ್‌ಗಳದ್ದು ಮೂರನೇ ಒಂದು ಭಾಗ, ಕೆಳಕ್ಕೆ. ಬಂದ ಮೊತ್ತಕ್ಕೆ ಪೂರ್ಣ ಮಾಂತ್ರಿಕನ ಸಾಲು ಹೀಗಿದೆ. ಮೊದಲ ಅಂಕಿ 1ನೇ ಹಂತದ ಸ್ಲಾಟು, ಮುಂದಿನದು 2ನೆಯದು, ಹೀಗೆ:

1: 2
2: 3
3: 4-2
4: 4-3
5: 4-3-2
6: 4-3-3
7: 4-3-3-1
8: 4-3-3-2
9: 4-3-3-3-1
10: 4-3-3-3-2

ಪ್ಯಾಲಡಿನ್ 6, ಸಾರ್ಸರರ್ 2 ಇದ್ದರೆ 3 ಮತ್ತು 2 ಸೇರಿ 5, ಅಂದರೆ 4-3-2. ಶುದ್ಧ ಪ್ಯಾಲಡಿನ್‌ಗೆ 8ನೇ ಲೆವೆಲ್‌ನಲ್ಲಿ 4-3 ಮಾತ್ರ. ಈ ಕೂಡಿಕೆ ನಡೆಯುವುದು ಎರಡೂ ಕ್ಲಾಸುಗಳಿಗೆ ಮಂತ್ರಶಕ್ತಿ ಇದ್ದಾಗ ಮಾತ್ರ. ಪ್ಯಾಲಡಿನ್ ಜೊತೆ ಸಾಮಾನ್ಯ ಫೈಟರ್ ಸೇರಿದರೆ ಪ್ಯಾಲಡಿನ್‌ನ ಸ್ವಂತ ಪಟ್ಟಿಯೇ ಅನ್ವಯ.

ವಾರ್‌ಲಾಕ್ ಲೆವೆಲ್‌ಗಳನ್ನು ಇದರಲ್ಲಿ ಎಂದೂ ಕೂಡಬೇಡಿ. ಅದರ ಸ್ಲಾಟುಗಳು ಪ್ರತ್ಯೇಕ, ಶಾರ್ಟ್ ರೆಸ್ಟ್ ಎಂಬ ಕಿರು ವಿಶ್ರಾಂತಿ ಮುಗಿದಾಗಲೇ ಮರಳುತ್ತವೆ. ಆದರೆ ಅವುಗಳಲ್ಲಿ ಬೇರೆ ಕ್ಲಾಸಿನ ಮಂತ್ರ ಹಾಕಬಹುದು, ಬೇರೆ ಕ್ಲಾಸಿನ ಸ್ಲಾಟಿನಲ್ಲಿ ವಾರ್‌ಲಾಕ್ ಮಂತ್ರವನ್ನೂ ಹಾಕಬಹುದು.

ಹೆಜ್ಜೆ 5: ಮಂತ್ರಗಳನ್ನು ಆರಿಸುವುದು

ಪ್ರತಿ ಕ್ಲಾಸಿನ ಮಂತ್ರಪಟ್ಟಿಯನ್ನು ಆ ಕ್ಲಾಸು ಒಂದೇ ಇದೆ ಎಂಬಂತೆ ಬರೆಯಿರಿ. ಕ್ಲೆರಿಕ್ 1, ವಿಜರ್ಡ್ 4 ಇದ್ದರೆ ಕ್ಲೆರಿಕ್‌ನದು 1ನೇ ಹಂತಕ್ಕೇ ನಿಲ್ಲುತ್ತದೆ, ವಿಜರ್ಡ್‌ನದು 2ನೇ ಹಂತಕ್ಕೆ. 3ನೇ ಹಂತದ ಎರಡು ಸ್ಲಾಟುಗಳಿದ್ದರೂ ಫೈರ್‌ಬಾಲ್ ಕಲಿಯುವಂತಿಲ್ಲ. ಸುರುಳಿ ಸಿಕ್ಕಿತೆಂದು ಅದನ್ನು ಮಂತ್ರಪುಸ್ತಕಕ್ಕೆ ನಕಲು ಮಾಡಲೂ ಆಗದು. ವಿಜರ್ಡ್ ಲೆವೆಲ್‌ಗೆ ಸಿದ್ಧಪಡಿಸಿಕೊಳ್ಳಲು ಆಗುವ ಹಂತದ್ದನ್ನು ಮಾತ್ರ ನಕಲಿಸಬಹುದು. ಇಡೀ ನಿಯಮದಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದು. ಆಟಗಾರ ತಪ್ಪಿದಾಗ ಡಿಎಂ ಕೂಡ ಗಮನಿಸದೆ ಹೋಗುವುದುಂಟು.

ಹಾಗಾದರೆ ಆ ಎತ್ತರದ ಸ್ಲಾಟುಗಳಿಗೆ ಕೆಲಸ ಏನು? ಮೇಲಿನ ಸ್ಲಾಟಿನಲ್ಲಿ ಹಾಕಿದಾಗ ಹಿಗ್ಗುವ ಮಂತ್ರಗಳನ್ನು ಆರಿಸಬೇಕು. ಬ್ಲೆಸ್ 1ನೇ ಹಂತದಲ್ಲಿ ಮೂವರಿಗೆ, 3ನೆಯದರಲ್ಲಿ ಐವರಿಗೆ. ಇನ್‌ವಿಸಿಬಿಲಿಟಿ 3ನೇ ಹಂತದಲ್ಲಿ ಇಬ್ಬರಿಗೆ. ಹೋಲ್ಡ್ ಪರ್ಸನ್ ಇಬ್ಬರನ್ನು ಹಿಡಿಯುತ್ತದೆ. ಸ್ಕಾರ್ಚಿಂಗ್ ರೇ ಮೂರು ಕಿರಣದ ಬದಲು ನಾಲ್ಕು; ಎಲ್ಲವೂ ತಾಗಿದರೆ ಒಬ್ಬನ ಮೇಲೆ 8ಡಿ6 (ಆರು ಮುಖದ ಎಂಟು ದಾಳಗಳ ಮೊತ್ತ), ಸರಾಸರಿ 28. ಫೈರ್‌ಬಾಲ್‌ನ ಪೆಟ್ಟೂ 8ಡಿ6 ಎಂಬುದನ್ನು ನೋಡಿ. ನಿಮಗೆ ಇಲ್ಲದ್ದು ಅದರ ಹರವು, ಪೆಟ್ಟಿನ ತೂಕವಲ್ಲ. ಮ್ಯಾಜಿಕ್ ಮಿಸೈಲ್ ಪ್ರತಿ ಹಂತಕ್ಕೆ ಒಂದು ಬಾಣ ಹೆಚ್ಚಿಸುತ್ತದೆ, ಗುರಿ ತಪ್ಪುವುದಿಲ್ಲ. ಶೀಲ್ಡ್, ಮಿಸ್ಟಿ ಸ್ಟೆಪ್, ವೆಬ್, ಮಿರರ್ ಇಮೇಜ್ ಇವೆಲ್ಲ ಒಳ್ಳೆಯ ಮಂತ್ರಗಳೇ, ಆದರೆ ಮೇಲಿನ ಸ್ಲಾಟಿನಲ್ಲಿ ಹಿಗ್ಗುವುದಿಲ್ಲ. ಅವುಗಳಿಗೆ ಕೆಳಗಿನ ಸ್ಲಾಟುಗಳನ್ನೇ ಮೀಸಲಿಡಿ.

ಎರಡನೇ ಸಂಗತಿ ಸೇವ್ ಡಿಸಿ, ಅಂದರೆ ನಿಮ್ಮ ಮಂತ್ರದಿಂದ ತಪ್ಪಿಸಿಕೊಳ್ಳಲು ಶತ್ರು ಮುಟ್ಟಬೇಕಾದ ಸಂಖ್ಯೆ. ಮಂತ್ರ ಯಾವ ಕ್ಲಾಸಿನಿಂದ ಬಂತೋ ಆ ಕ್ಲಾಸಿನ ಅಂಕವೇ ಲೆಕ್ಕಕ್ಕೆ ಬರುತ್ತದೆ. ಮೇಲಿನ ಪಾತ್ರಕ್ಕೆ 5ನೇ ಲೆವೆಲ್‌ನಲ್ಲಿ ವಿಜರ್ಡ್ ಮಂತ್ರಗಳ ಡಿಸಿ ಮೂಲ 8, ಪ್ರಾಫಿಷಿಯೆನ್ಸಿ ಬೋನಸ್ 3, ಇಂಟೆಲಿಜೆನ್ಸ್‌ನ ಬೋನಸ್ 4 ಸೇರಿ 15. ಕ್ಲೆರಿಕ್‌ದು 8, 3, 2 ಸೇರಿ 13. ಲೆವೆಲ್ ಏರಿದಷ್ಟೂ ಅಂತರ ಹಿಗ್ಗುತ್ತದೆ. ಆದ್ದರಿಂದ ಕ್ಲೆರಿಕ್ ಕಡೆಯಿಂದ ಶತ್ರುವಿನ ಸೇವ್ ಕೇಳುವ ಮಂತ್ರ ಒಂದೂ ಬೇಡ. ಬ್ಲೆಸ್ ಇರಲಿ, ಹೀಲಿಂಗ್ ವರ್ಡ್ ಇರಲಿ. ಹೀಲಿಂಗ್ ವರ್ಡ್‌ನ ಬೆಲೆ ಅದು ಮರಳಿಸುವ ಬಿಂದುಗಳಲ್ಲಿಲ್ಲ. ಬಿದ್ದವನನ್ನು 60 ಅಡಿ ದೂರದಿಂದ, ಸರದಿಯ ಕಿರು ಹೆಚ್ಚುವರಿ ಕ್ರಿಯೆಯಾದ ಬೋನಸ್ ಆಕ್ಷನ್‌ನಲ್ಲಿ ಎಬ್ಬಿಸುವುದರಲ್ಲಿದೆ. ಅದಕ್ಕೆ ವಿಸ್ಡಮ್ 14 ಸಾಕು. ಸ್ಲಾಟು ಬೇಡದ ಮಂತ್ರಗಳಾದ ಕ್ಯಾಂಟ್ರಿಪ್‌ಗಳಲ್ಲಿ ಗೈಡೆನ್ಸ್, ಲೈಟ್‌ನಂಥವು ಸರಿ, ಸೇಕ್ರೆಡ್ ಫ್ಲೇಮ್ ಬೇಡ. ದಾಳಿಯ ಕ್ಯಾಂಟ್ರಿಪ್‌ಗಳನ್ನು ವಿಜರ್ಡ್ ಕಡೆಯಿಂದಲೇ ತೆಗೆದುಕೊಳ್ಳಿ. ಕ್ಯಾಂಟ್ರಿಪ್‌ಗಳ ಬಲ ಒಟ್ಟು ಲೆವೆಲ್ 5, 11, 17ಕ್ಕೆ ಏರುವುದರಿಂದ ಅಲ್ಲಿ ಮಲ್ಟಿಕ್ಲಾಸ್‌ನಿಂದ ನಷ್ಟವೇನೂ ಇಲ್ಲ.

ಕಾನ್ಸಂಟ್ರೇಷನ್ ಎರಡು ಕ್ಲಾಸಿಗೂ ಸೇರಿ ಒಂದೇ. ಬ್ಲೆಸ್ ಹಿಡಿದಿದ್ದಾಗ ವೆಬ್ ಹಾಕಿದರೆ ಬ್ಲೆಸ್ ಹೋಯಿತು. ಸಿದ್ಧಪಡಿಸಿದ ಪಟ್ಟಿಯಲ್ಲಿ ಕಾನ್ಸಂಟ್ರೇಷನ್ ಮಂತ್ರಗಳು ನಾಲ್ಕೈದಾದರೆ ಎರಡನ್ನು ಕಿತ್ತುಹಾಕಿ, ತಕ್ಷಣ ಫಲ ಕೊಡುವಂಥವನ್ನು ತುಂಬಿ.

ಹೆಜ್ಜೆ 6: ಕೈಗಳ ಲೆಕ್ಕ

ಗುರಾಣಿ ಹಿಡಿದ ಮಾಂತ್ರಿಕನಿಗೆ ಉಳಿಯುವುದು ಒಂದೇ ಕೈ. ಗುರಾಣಿಯ ಮೇಲೆ ಕೆತ್ತಿದ ಪವಿತ್ರ ಚಿಹ್ನೆ ಕ್ಲೆರಿಕ್ ಮಂತ್ರಗಳಿಗೆ ಫೋಕಸ್ (ಸಾಮಗ್ರಿಯ ಬದಲು ಬಳಸುವ ವಸ್ತು) ಆಗುತ್ತದೆ, ವಿಜರ್ಡ್ ಮಂತ್ರಗಳಿಗೆ ಆಗುವುದಿಲ್ಲ. ಸರಳ ಪರಿಹಾರ ಕಾಂಪೊನೆಂಟ್ ಚೀಲ: ಎರಡೂ ಕ್ಲಾಸಿಗೆ ನಡೆಯುತ್ತದೆ, ಸೊಂಟದಲ್ಲಿರುತ್ತದೆ, ಕೈ ಖಾಲಿ ಉಳಿಯುತ್ತದೆ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕೋಲು ಹಿಡಿದರೆ ಸಾಮಗ್ರಿ ಬೇಡುವ ಮಂತ್ರಗಳೇನೋ ನಡೆಯುತ್ತವೆ, ಕೈಸನ್ನೆ ಮಾತ್ರ ಬೇಡುವ ಶೀಲ್ಡ್ ಮಂತ್ರ ನಿಯಮದ ಪ್ರಕಾರ ನಡೆಯುವುದಿಲ್ಲ. ಕತ್ತಿ, ಗುರಾಣಿ ಎರಡೂ ಹಿಡಿಯುವ ಪ್ಯಾಲಡಿನ್-ಸಾರ್ಸರರ್‌ಗೆ ಈ ತೊಂದರೆ ಇನ್ನೂ ಜೋರು. ವಾರ್ ಕ್ಯಾಸ್ಟರ್ ಫೀಟ್ ತೆಗೆದುಕೊಂಡರೆ ಕೈಸನ್ನೆಯ ತೊಡಕು ತೀರುತ್ತದೆ, ಕಾನ್ಸಂಟ್ರೇಷನ್ ಸೇವ್‌ಗೆ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುವುದು) ಕೂಡ ಸಿಗುತ್ತದೆ.

ಪರಿಣತಿ ಇಲ್ಲದ ಕವಚ ತೊಟ್ಟರೆ ಮಂತ್ರ ಹಾಕಲೇ ಆಗದು. ಲೈಫ್, ಟೆಂಪೆಸ್ಟ್, ವಾರ್‌ನಂಥ ಡೊಮೇನ್‌ಗಳು (ಕ್ಲೆರಿಕ್‌ನ ಉಪಕ್ಲಾಸುಗಳು) 2014ರಲ್ಲಿ ಒಂದನೇ ಲೆವೆಲ್‌ಗೇ ಭಾರದ ಕವಚ ಕೊಡುತ್ತವೆ. ಆದರೆ ಸ್ಟ್ರೆಂತ್ 9 ಇರುವವನು ಚೈನ್ ಮೇಲ್ ತೊಟ್ಟರೆ ವೇಗ 10 ಅಡಿ ಕಡಿಮೆ. ಈ ಪಾತ್ರಕ್ಕೆ ಅದು ಬೇಡ. 2024ರಲ್ಲಿ ಎಲ್ಲ ಉಪಕ್ಲಾಸುಗಳೂ 3ನೇ ಲೆವೆಲ್‌ಗೆ ಸರಿದಿವೆ, ಒಂದು ಲೆವೆಲ್‌ನ ಕ್ಲೆರಿಕ್‌ಗೆ ಡೊಮೇನ್ ಸಿಗುವುದಿಲ್ಲ.

ಕರಿಸ್ಮಾದ ಜೋಡಿಗಳು

ಎರಡೂ ಕ್ಲಾಸು ಒಂದೇ ಅಂಕದ ಮೇಲೆ ನಿಂತರೆ ಡಿಸಿ ಸಮಸ್ಯೆಯೇ ಇರುವುದಿಲ್ಲ. ಕರಿಸ್ಮಾದ ಜೋಡಿಗಳು ಇಷ್ಟು ಜನಪ್ರಿಯವಾದದ್ದು ಇದಕ್ಕಾಗಿಯೇ.

ಪ್ಯಾಲಡಿನ್-ಸಾರ್ಸರರ್‌ನಲ್ಲಿ ಪ್ಯಾಲಡಿನ್ ಅನ್ನು 6ರ ತನಕ ಬಿಡದೆ ಒಯ್ಯಿರಿ. 5ರಲ್ಲಿ ಎಕ್ಸ್‌ಟ್ರಾ ಅಟ್ಯಾಕ್, 6ರಲ್ಲಿ ಪಕ್ಕದವರ ಸೇವ್‌ಗಳಿಗೂ ನಿಮ್ಮ ಕರಿಸ್ಮಾ ಸೇರಿಸುವ ಆರಾ ಸಿಗುತ್ತದೆ. 2ಕ್ಕೇ ನಿಲ್ಲಿಸಿದರೆ ಪ್ರತಿ ಸರದಿಗೆ ಒಂದೇ ಏಟು, ಹಿಂದೆ ನಿಂತು ಮಂತ್ರ ಹಾಕುವುದೇ ಲೇಸು ಎನಿಸುತ್ತದೆ. ಅಂಕ ಹಂಚಿಕೆ: ಸ್ಟ್ರೆಂತ್ 15, ಕರಿಸ್ಮಾ 15, ಕಾನ್ಸ್ಟಿಟ್ಯೂಷನ್ 13, ಡೆಕ್ಸ್ಟರಿಟಿ 10, ವಿಸ್ಡಮ್ 10, ಇಂಟೆಲಿಜೆನ್ಸ್ 8. 2014ರ ಹಾಫ್-ಎಲ್ಫ್ ಆದರೆ ಕರಿಸ್ಮಾ 17, ಸ್ಟ್ರೆಂತ್ 16, ಕಾನ್ಸ್ಟಿಟ್ಯೂಷನ್ 14 ಆಗುತ್ತದೆ. ಸ್ಲಾಟು ಖರ್ಚುಮಾಡಿ ಏಟಿನ ಪೆಟ್ಟು ಹೆಚ್ಚಿಸುವ ಡಿವೈನ್ ಸ್ಮೈಟ್‌ಗೆ 1ನೇ ಹಂತದ ಸ್ಲಾಟಿನಲ್ಲಿ 2ಡಿ8, ಮೇಲಿನ ಪ್ರತಿ ಹಂತಕ್ಕೆ 1ಡಿ8, ಮಿತಿ 5ಡಿ8. ಅಂದರೆ 4ನೇ ಹಂತದ ಸ್ಲಾಟಿಗೇ ಮಿತಿ ಮುಟ್ಟಿತು. 5ನೆಯದನ್ನು ಸ್ಮೈಟ್‌ಗೆ ಸುರಿಯುವುದು ದಂಡ. 2024ರಲ್ಲಿ ಸ್ಮೈಟ್ ಬೋನಸ್ ಆಕ್ಷನ್ ಬೇಡುವ ಮಂತ್ರವಾಗಿದೆ, ಸರದಿಗೆ ಒಂದೇ ಸಲ.

ಸಾರ್ಸರರ್-ವಾರ್‌ಲಾಕ್‌ಗೆ ವಾರ್‌ಲಾಕ್ 2 ಸಾಕು. ಎಲ್ಡ್ರಿಚ್ ಬ್ಲಾಸ್ಟ್ ಕ್ಯಾಂಟ್ರಿಪ್‌ನ ಪ್ರತಿ ಕಿರಣಕ್ಕೂ ಅಗನೈಸಿಂಗ್ ಬ್ಲಾಸ್ಟ್ ಇನ್ವೊಕೇಷನ್ ಕರಿಸ್ಮಾ ಸೇರಿಸುತ್ತದೆ. 2014ರಲ್ಲಿ ಸಾರ್ಸರರ್ 3 ಮುಟ್ಟಿದ ಮೇಲೆ ಎರಡು ಸಾರ್ಸರಿ ಪಾಯಿಂಟ್ ಕೊಟ್ಟು ಕ್ವಿಕನ್ ಮಾಡಿದರೆ ಅದನ್ನೇ ಬೋನಸ್ ಆಕ್ಷನ್‌ನಲ್ಲಿ ಇನ್ನೊಮ್ಮೆ ಹಾಕಬಹುದು. ಒಟ್ಟು 7ನೇ ಲೆವೆಲ್‌ನಲ್ಲಿ, ಕರಿಸ್ಮಾ 18 ಇದ್ದರೆ, ನಾಲ್ಕು ಕಿರಣ. ತಲಾ 1ಡಿ10 ಮತ್ತು 4, ಎಲ್ಲ ತಾಗಿದರೆ ಸರಾಸರಿ 38. ಇಲ್ಲಿ ಕ್ರಮ ಮುಖ್ಯ. ಬೋನಸ್ ಆಕ್ಷನ್‌ನಲ್ಲಿ ಯಾವ ಮಂತ್ರ ಹಾಕಿದರೂ ಆ ಸರದಿಯ ಆಕ್ಷನ್‌ನಲ್ಲಿ ಕ್ಯಾಂಟ್ರಿಪ್ ಮಾತ್ರ ಹಾಕಬಹುದು. ಫೈರ್‌ಬಾಲನ್ನು ಕ್ವಿಕನ್ ಮಾಡಿ ಆಕ್ಷನ್‌ನಲ್ಲಿ ಬ್ಲಾಸ್ಟ್ ಹಾಕಬಹುದು, ಬ್ಲಾಸ್ಟನ್ನು ಕ್ವಿಕನ್ ಮಾಡಿ ಆಕ್ಷನ್‌ನಲ್ಲಿ ಫೈರ್‌ಬಾಲ್ ಹಾಕುವಂತಿಲ್ಲ. ವಾರ್‌ಲಾಕ್ ಸ್ಲಾಟುಗಳನ್ನು ಸಾರ್ಸರಿ ಪಾಯಿಂಟ್‌ಗಳಾಗಿ ಮುರಿಸಿಕೊಳ್ಳಬಹುದು, 1ನೇ ಹಂತಕ್ಕೆ ಒಂದು ಪಾಯಿಂಟ್. ಆದರೆ ಮಲಗದೆ ಶಾರ್ಟ್ ರೆಸ್ಟ್‌ಗಳ ಮೇಲೆ ಶಾರ್ಟ್ ರೆಸ್ಟ್ ತೆಗೆದುಕೊಂಡು ಸ್ಲಾಟು ಗುಡ್ಡೆ ಹಾಕುವ ಉಪಾಯವನ್ನು ಡಿಎಂ ಒಪ್ಪುತ್ತಾರೋ ಇಲ್ಲವೋ, ಮೊದಲೇ ಕೇಳಿ. ಅದರ ಮೇಲೇ ಪಾತ್ರ ಕಟ್ಟಿ ಆಮೇಲೆ ತಡೆ ಬಿದ್ದರೆ ತಿದ್ದುವುದು ಕಷ್ಟ.

ಹೆಜ್ಜೆ 7: ಕಾಗದದ ಮೇಲೆ ಪರೀಕ್ಷೆ

ಪಾತ್ರವನ್ನು 5, 8, 11ನೇ ಲೆವೆಲ್‌ಗಳಲ್ಲಿ ಬರೆದು ನೋಡಿ. ಪ್ರತಿಯೊಂದಕ್ಕೂ ಹೀಗೆ: ದೊಡ್ಡ ಸ್ಲಾಟು ಯಾವ ಹಂತದ್ದು, ದೊಡ್ಡ ಮಂತ್ರ ಯಾವ ಹಂತದ್ದು, ಡಿಸಿ ಎಷ್ಟು, ಆರ್ಮರ್ ಕ್ಲಾಸ್ ಎಷ್ಟು, ಮೊದಲ ಸರದಿಯ ಆಕ್ಷನ್, ಬೋನಸ್ ಆಕ್ಷನ್, ರಿಯಾಕ್ಷನ್ ಯಾವುವು. ಕ್ಲೆರಿಕ್ 1, ವಿಜರ್ಡ್ 7ಕ್ಕೆ 8ರಲ್ಲಿ ಸ್ಲಾಟು 4-3-3-2, ಮಂತ್ರ 4ನೇ ಹಂತ. ಶುದ್ಧ ವಿಜರ್ಡ್‌ಗೆ ಸರಿಸಮ. ಸ್ಲಾಟಿಗೂ ಮಂತ್ರಕ್ಕೂ ಎರಡು ಹಂತದ ಅಂತರ ಕಂಡರೆ ಲೆವೆಲ್‌ಗಳ ಕ್ರಮ ಬದಲಿಸಿ. ಬೋನಸ್ ಆಕ್ಷನ್‌ಗೆ ಮೂರು ಉಪಯೋಗ, ರಿಯಾಕ್ಷನ್‌ಗೆ ಒಂದೂ ಇಲ್ಲ ಎಂದಾದರೆ ಎರಡನೇ ಕ್ಲಾಸಿನ ಆಯ್ಕೆಯನ್ನೇ ಮತ್ತೆ ನೋಡಿ.

ಕಳೆದ ಸ್ಲಾಟುಗಳನ್ನು ಮರಳಿಸುವ ಆರ್ಕೇನ್ ರಿಕವರಿ ವಿಜರ್ಡ್ ಲೆವೆಲ್ ಮೇಲೆ ಮಾತ್ರ, ಸಾರ್ಸರಿ ಪಾಯಿಂಟ್ ಸಾರ್ಸರರ್ ಲೆವೆಲ್ ಮೇಲೆ ಮಾತ್ರ. ಪ್ರಾಫಿಷಿಯೆನ್ಸಿ ಬೋನಸ್ ಒಟ್ಟು ಲೆವೆಲ್ ಮೇಲೆ. ಎರಡು ಕ್ಲಾಸು ಎಕ್ಸ್‌ಟ್ರಾ ಅಟ್ಯಾಕ್ ಕೊಟ್ಟರೂ ಮೂರನೇ ಏಟು ಬರುವುದಿಲ್ಲ.

ಪಾತ್ರದ ಹಾಳೆಯಲ್ಲಿ ಎರಡು ಮಂತ್ರಪಟ್ಟಿಗಳನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆದು, ಪ್ರತಿಯೊಂದರ ತಲೆಯ ಮೇಲೆ ಅದರ ಡಿಸಿ ಬರೆಯಿರಿ. ಸ್ಲಾಟುಗಳಿಗೆ ಒಂದೇ ಸಾಲು ಸಾಕು. ವಾರ್‌ಲಾಕ್ ಸ್ಲಾಟುಗಳಿಗೆ ಮಾತ್ರ ಪ್ರತ್ಯೇಕ ಚೌಕ ಎಳೆದು, ಪಕ್ಕದಲ್ಲಿ ಶಾರ್ಟ್ ರೆಸ್ಟ್ ಎಂದು ಗುರುತು ಹಾಕಿಕೊಳ್ಳಿ.